ಗುಳ್ಳಿ ಎದ್ದಿದ್ದು ಯಾವತ್ತು? ಹೆರಿಗಿ ಹೊತ್ತಿಗಿ ತಾಯಿಗಿ ಚಿಕನ್‌ಪಾಕ್ಸ್ ಬಂದ ಒಂದು ಪ್ರಕರಣ

ಶಹಾಪುರ ಕಡಿಯ ಹಳ್ಳಿ, ಊರಿನ ಹೆಸರು ಬ್ಯಾಡ. ತಾಯಿಗಿ 23 ವರ್ಷ, ಎರಡನೇ ಬಸುರು, 38 ವಾರ ತುಂಬಿತ್ತು, ಹಡಿಲಿಕ್ಕ ತವರಮನಿಗಿ ಬಂದಿದ್ಲು. ತಾಲೂಕಾ ದವಾಖಾನ್ಯಾಗ ರಾತ್ರಿ ಹನ್ನೊಂದರ ಸುಮಾರು ನಾರ್ಮಲ್ ಹೆರಿಗಿ ಆಯ್ತು, ಗಂಡು ಕೂಸು, 2.6 ಕೇಜಿ, ಹುಟ್ಟಿದ ಕೂಡ್ಲೆ ಚೊಲೋ ಅತ್ತದ, ಮೈಮ್ಯಾಲ ಒಂದು ಕಲೆ ಸುದ್ದಾ ಇಲ್ಲ. ಕಲೆ ಇದ್ದಿದ್ದೆಲ್ಲ ತಾಯಿ ಮೈಮ್ಯಾಲ. ಮಾರಿ, ಹೊಟ್ಟಿ, ಬೆನ್ನು ತುಂಬಾ ನೀರಗುಳ್ಳಿ. ಅಲ್ಲಿನ ಡಾಕ್ಟರ್ ಸುಮ್ನ ಕೂಡಲಿಲ್ಲ, ತಾಯಿ ಕೂಸು ಇಬ್ಬರಿಗೂ 108 ಗಾಡಿ ಮಾಡಿ ಕಲಬುರಗಿಗಿ ಕಳಿಸಿದ್ರು, ಜೊತಿಗಿ ಒಂದ್ ಚೀಟಿ: ತಾಯಿಗಿ ಚಿಕನ್‌ಪಾಕ್ಸ್, 8 ದಿನ, ಕೂಸು ಆರಾಮ, ನಿಗಾಕ್ಕಾಗಿ ಕಳಿಸಿದೆ.

ಅವತ್ತು ಶರಣಬಸವೇಶ್ವರ ತೇರು. ಕಟ್ಟಿಸಂಗಾವಿ ಬ್ರಿಡ್ಜ್ ದಾಟಿದ ಮ್ಯಾಲ ತೇರು ಮುಗಿಸಿ ವಾಪಸ್ ಹೊಂಟ ಟ್ರ್ಯಾಕ್ಟರ್, ಟಂಟಂ ಎದುರಾಗಿ ಗಾಡಿ ತಡ ಆಗಿ ನಾವು ಕೂಸಿನ್ನ ನೋಡೋ ಹೊತ್ತಿಗಿ ನಸುಕಿನ ಮೂರು ದಾಟಿತ್ತು. ನಾನು ಮಕ್ಕಳ ವಾರ್ಡಿನ ಡ್ಯೂಟಿ ಡಾಕ್ಟರ್. ಕೂಸು ಬೆಚ್ಚಗಿತ್ತು, ಉಸಿರು ಬರೋಬ್ಬರಿ, ಸಕ್ಕರಿ ಬರೋಬ್ಬರಿ, ಚೀಪೋದು ಜೋರು. ಚೀಟ್ಯಾಗ ಬರ್ದಿದ್ದ ಆ 8 ದಿನ ಖರೆ ಇದ್ರ ಈ ಪ್ರಕರಣ ಇಲ್ಲಿಗೇ ಮುಗೀತಿತ್ತು, ಬರೀಲಿಕ್ಕ ಏನೂ ಉಳೀತಿರಲಿಲ್ಲ.

ಯಾಕಂದ್ರ ಹೆರಿಗಿ ಹೊತ್ತಿನ ಚಿಕನ್‌ಪಾಕ್ಸ್ ಅನ್ನೋದು ಪೂರ್ತಿ ದಿನದ ಲೆಕ್ಕದ ಮ್ಯಾಲ ನಿಂತದ. ತಾಯಿ ಮೈಯಾಗ ಮೊದಲನೇ ಗುಳ್ಳಿ ಏಳೋದಕ್ಕಿಂತ ಒಂದೆರಡು ದಿನ ಮೊದಲೇ ವೈರಸ್ ರಕ್ತದಾಗ ಓಡಾಡ್ತಿರ್ತದ, ಅಲ್ಲಿಂದ ಮಾಸು ದಾಟಿ ಕೂಸಿಗಿ ಹೋಗ್ತದ. ಆ ವೈರಸ್ ವಿರುದ್ಧ ತಾಯಿ ಮೈ ಪ್ರತಿಕಾಯ ತಯಾರು ಮಾಡ್ತದಲ್ಲ, ಐಜಿಜಿ ಅಂತೀವಿ, ಅದೂ ಮಾಸು ದಾಟಿ ಕೂಸಿಗಿ ಹೋಗ್ತದ, ಆದ್ರ ತಯಾರಾಗ್ಲಿಕ್ಕ ಮತ್ತ ದಾಟ್ಲಿಕ್ಕ ದಿನ ಹಿಡೀತದ. ಗುಳ್ಳಿ ಎದ್ದು ಐದಾರು ದಿನ ಆದ ಮ್ಯಾಲ ಹೆರಿಗಿ ಆದ್ರ ಕೂಸಿಗಿ ವೈರಸ್ಸೂ ಬಂದಿರ್ತದ, ಅದನ್ನ ಹಿಡಿಯೋ ಪ್ರತಿಕಾಯಾನೂ ಬಂದಿರ್ತದ, ಬೇನಿ ಬಂದ್ರೂ ಹಗುರ ಹೋಗ್ತದ. ಅದಕ್ಕಿಂತ ಮೊದಲೇ ಹೊಕ್ಕಳ ಬಳ್ಳಿ ಕೊಯ್ದುಬಿಟ್ರ ವೈರಸ್ ಒಂದೇ ಬಂದದ, ಪ್ರತಿಕಾಯ ತಾಯಿ ಕಡೀಗೇ ಉಳೀತು. ಹೆರಿಗಿ ಆಗಿ ಎರಡು ದಿನದೊಳಗ ತಾಯಿಗಿ ಗುಳ್ಳಿ ಎದ್ರೂ ಇದೇ ಕಥಿ, ವೈರಸ್ ಮೊದಲೇ ದಾಟಿರ್ತದ. ಅದಕ್ಕೇ ಅಮೇರಿಕಾದವರು ಹೆರಿಗಿಗಿ 5 ದಿನ ಮೊದಲಿಂದ 2 ದಿನ ಆಮ್ಯಾಲ ತನಕ ಅಂತ ಗೆರಿ ಹಾಕ್ಯಾರ, ಇಂಗ್ಲೆಂಡಿನವರು ಇನ್ನೂ ಹುಷಾರಿಯಿಂದ ಈ ಕಡಿ 7 ಆ ಕಡಿ 7 ಅಂತಾರ. ಆ ಗೆರಿ ಒಳಗ ಸಿಕ್ಕ ಕೂಸಿಗಿ ಔಷಧ ಇಲ್ದ ಬಿಟ್ರ ಶ್ವಾಸಕೋಶ, ಲಿವರ್, ಮಿದುಳಿನ ತನಕ ಹಬ್ಬಬಹುದು. ಪ್ರತಿಕಾಯದ ಇಂಜೆಕ್ಷನ್, ವೈರಸ್ ತಡೆಯೋ ಔಷಧ ಎಸಿಕ್ಲೋವಿರ್ ಎರಡೂ ಇರದ ಕಾಲದ ಸಣ್ಣ ಪಟ್ಟಿಗಳಾಗ 30 ಪರ್ಸೆಂಟ್ ತನಕ ಸಾವು ಬರ್ದಾರ.

ಅಂದ್ರ 8 ದಿನ ಆಗಿದ್ರ ನೋಡ್ಕೊಂತ ಕೂತ್ರ ಸಾಕು. 3 ದಿನ ಆಗಿದ್ರ ಈಗಿಂದೀಗ ಕೆಲಸ ಶುರು ಆಗ್ಬೇಕು. ಎರಡರಾಗ ಯಾವುದು?

ತಾಯಿ ಮೈ ನೋಡಿದ್ರ ಚೀಟಿ ಮ್ಯಾಲ ನಂಬಿಕಿ ಬರಲಿಲ್ಲ. ಚಿಕನ್‌ಪಾಕ್ಸ್ ಒಮ್ಮೆಲೆ ಎಲ್ಲಾ ಏಳಂಗಿಲ್ಲ, ಮೂರ್ನಾಕ ದಿನ ತನಕ ತಂಡ ತಂಡವಾಗಿ ಏಳ್ತದ, ಆಮ್ಯಾಲ ಹೊಸಾವು ನಿಂತು ಹಳೇವು ಒಣಗಿ ಹಕ್ಕಳಿ ಕಟ್ತಾವ. ಎಂಟನೇ ದಿನಕ್ಕ ಸಾಧಾರಣ ಎಲ್ಲಾ ಹಕ್ಕಳಿ ಆಗಿರ್ಬೇಕು. ಈಕಿ ಬೆನ್ನಿನ ಮ್ಯಾಲ ಮೊಬೈಲ್ ಟಾರ್ಚ್ ಹಾಕಿ ನೋಡಿದ್ರ ಒಂದೇ ಬೊಗಸಿ ಜಾಗದಾಗ ಕೆಂಪು ಚುಕ್ಕಿ, ಅದರ ಬಾಜೂಕ ತಿಳಿ ನೀರ ತುಂಬಿದ ಗುಳ್ಳಿ, ಅದರ ಬಾಜೂಕ ಕಲಕಿದ ನೀರಿನ ಗುಳ್ಳಿ, ಮ್ಯಾಲ ಹೆಗಲ ಹತ್ರ ಎರಡೇ ಎರಡು ಹಕ್ಕಳಿ. ಎಂಟು ದಿನದ ಮೈ ಅಲ್ಲ ಇದು.

ಕೇಳಿದ್ರ ಅಣ್ಣ ಗಟ್ಟಿಯಾಗಿ ಹೇಳ್ತಾನ, ಎಂಟ್ ದಿನ ಆಗ್ಯಾದ್ರಿ ಮೇಡಂ. ಗಂಡ ಊರಾಗಿಲ್ಲ, ಪುಣೆಕ ಕೆಲಸಕ್ಕ ಹೋಗ್ಯಾನ. ಆಯಿ, ಅಂದ್ರ ಹಡದಾಕಿ ಅವ್ವ, ಸೆರಗು ಮಾರಿಗಿ ಹಿಡಕೊಂಡು ಮೂಲ್ಯಾಗ ಕುಂತಾಳ, ಮಾತಿಲ್ಲ. ಅಮ್ಮ ಬಂದ ಮನಿ ಬಗ್ಗಿ ಬಿಳಿ ಕೋಟಿನವರ ಮುಂದ ಮಾತಾಡೋದು ಆ ವಯಸ್ಸಿನವರಿಗಿ ಸೇರಂಗಿಲ್ಲ, ಅದು ನಂಗ ಗೊತ್ತದ, ಗೊತ್ತಿದ್ರೂ ನಾನು ಎಷ್ಟನೇ ತಾರೀಕು ಎಷ್ಟನೇ ತಾರೀಕು ಅಂತ ಕೇಳೋದು ಬಿಡಲಿಲ್ಲ. ಅಫಜಲಪುರ ಕಡಿಯ ನಮ್ಮ ಸಿಸ್ಟರ್ ಒಬ್ರು ಅದಾರ, ಹೆರಿಗಿ ವಾರ್ಡ್, ಮಕ್ಕಳ ವಾರ್ಡ್ ಎಲ್ಲಾ ಅರದು ಕುಡದವರು, ಅವ್ರು ಬಂದು ಆಯಿ ಬಾಜೂಕ ನೆಲದ ಮ್ಯಾಲೇ ಕುಂತು ಕೇಳಿದ್ದು ಬ್ಯಾರೇನೇ.

"ಆಯಿ, ಹೋಳಿಗಿ ಮಗಳು ಬಣ್ಣ ಆಡಿದ್ಲೇನು?"

"ಎಲ್ಲಿ ಆಡ್ತಾಳ್ಯವ್ವ ತುಂಬಿದ ಬಸರಿ, ಮೊಮ್ಮಕ್ಕಳು ಸುಮ್ನಿರಲಿಲ್ಲ, ಒಂದೀಟು ಕೆನ್ನಿಗಿ ಹಚ್ಚಿದ್ವು."

"ಆವಾಗ ಮೈಮ್ಯಾಲ ಏನರ ಇತ್ತಾ?"

"ಏನೂ ಇದ್ದಿಲ್ಲ ನೋಡು. ಅವತ್ ರಾತ್ರಿ ಮೈ ಬಿಸಿ ಆಯ್ತು. ಮಾರನೇ ದಿನ ಹೊಟ್ಟಿ ಮ್ಯಾಲ ನಾಕ್ ಗುಳ್ಳಿ, ನಾವು ಬಣ್ಣದ್ದು ಉರಿ ಅಂದೆವು. ಸಂಜೀಕ ಮಾರಿಗೂ ಬಂದುವು, ಆಗ ಗೊತ್ತಾತು ತಾಯಿ ಬಂದಾಳಂತ."

ಮುಗೀತು. ಹುಣ್ಣಿಮಿ ಮಾರನೇ ದಿನ ಬಣ್ಣ, ಅದರ ಮಾರನೇ ದಿನ ಗುಳ್ಳಿ, ತೇರು ಪಂಚಮಿಗಿ. ಬಣ್ಣ ಅನ್ನೋದು ನಮ್ಮ ಭಾಗದಾಗ ಯಾರೂ ಮರೆಯಂಗಿಲ್ಲ, ತೇರೂ ಮರೆಯಂಗಿಲ್ಲ, ನಡುವಿನ ಲೆಕ್ಕ ಬೆರಳ ಮ್ಯಾಲ ಬರ್ತದ. ಗುಳ್ಳಿ ಎದ್ದು ಹೆರಿಗಿ ತನಕ 3 ದಿನ. ಬರೋಬ್ಬರಿ ಗೆರಿ ನಡುವ.

ಎಂಟು ದಿನ ಎಲ್ಲಿಂದ ಬಂತು ಅಂತ ಆಮ್ಯಾಲ ಅಣ್ಣನೇ ಹೇಳ್ದ. ಹಿಂದಿನ ದಿನ ಬ್ಯಾನಿ ಶುರುವಾದಾಗ ಮೊದಲು ಬ್ಯಾರೆ ಒಂದ್ ಕಡಿ ಕರ್ಕೊಂಡು ಹೋಗ್ಯಾರ, ಅಲ್ಲಿ ಗೇಟಿನಾಗೇ ಮೈ ನೋಡಿ ಒಣಗಿದ ಮ್ಯಾಲ ಬರ್ರಿ, ಬ್ಯಾರೆ ಬಾಣಂತೇರು ಅದಾರ ಅಂತ ತಿರುಗಿ ಕಳಿಸ್ಯಾರ. ಹೆರಿಗಿ ಬ್ಯಾನಿ ಏನ್ ಒಣಗೋ ತನಕ ಕಾಯ್ತದಾ? ಹೊರಗ ಚಾದಂಗಡ್ಯಾಗ ಯಾರೋ ಹೇಳ್ಯಾರ, ಎಂಟ್ ದಿನ ಆಗ್ಯಾದ ಅನ್ರಿ ಒಳಗ ತಗೊಳ್ತಾರ ಅಂತ. ಅವರ ಸುಳ್ಳು ಅವರಿಗಿ ಬೇಕಾಗಿತ್ತು, ತಪ್ಪು ಅಂತ ನಂಗ ಅನಿಸಲಿಲ್ಲ. ಬಾಗಿಲದಾಗ ತಡೆಯೋ ದವಾಖಾನಿ ಇದ್ದಲ್ಲೆಲ್ಲಾ ಕೇಸ್ ಶೀಟಿನಾಗ ಇಂಥ ಎಂಟು ದಿನ ಬರ್ತಾನೇ ಇರ್ತಾವ.

ಇನ್ನ ಔಷಧದ ಮಾತು. ತಾಯಿಯಿಂದ ಬರದ ಪ್ರತಿಕಾಯ ಹೊರಗಿಂದ ಕೊಡ್ಬೇಕು. ಇದಕ್ಕಂತನೇ ಇರೋ ಇಂಜೆಕ್ಷನ್ ವ್ಯಾರಿಸೆಲ್ಲಾ ಜೋಸ್ಟರ್ ಇಮ್ಯುನೊಗ್ಲೋಬ್ಯುಲಿನ್, 2 ಕೇಜಿ ದಾಟಿದ ಕೂಸಿಗಿ 125 ಯೂನಿಟ್, ತೊಡಿ ಸ್ನಾಯುವಿಗಿ ಒಂದೇ ಸೂಜಿ, ಎಷ್ಟು ಲಗೂ ಕೊಟ್ರ ಅಷ್ಟು ಚೊಲೋ. ಪುಸ್ತಕದಾಗ ಒಂದು ಸಾಲಿನ್ಯಾಗ ಮುಗಿಯೋ ಈ ಮಾತು ಮುಂಜಾನಿ ನಾಕ ಗಂಟೆಗಿ ಕಲಬುರಗ್ಯಾಗ ಬ್ಯಾರೇನೇ ಇರ್ತದ. ನಮ್ಮ ಸ್ಟೋರಿನಾಗ ಇಲ್ಲ. ಸೂಪರ್ ಮಾರ್ಕೆಟ್ ಕಡಿಯ ಮೆಡಿಕಲ್‌ಗಳಿಗಿ ಫೋನ್ ಮಾಡಿದ್ರ ಅಂಥಾದ್ದು ಹೆಸರು ಕೇಳಿಲ್ರಿ ಅಂದ್ರು. ಹೈದ್ರಾಬಾದಿನ ಸ್ಟಾಕಿಸ್ಟ್ ಒಬ್ಬ ತರಿಸಿ ಕೊಡ್ತೀನಿ ಅಂದ, ಎರಡು ದಿನ ಆಗ್ತದ, ರೊಕ್ಕ ಮೊದಲೇ ಹಾಕ್ಬೇಕು. ಎರಡು ದಿನ ಕಾಯೋ ಮಾತೇ ಇಲ್ಲ.

ಅದು ಸಿಗದಿದ್ರ ಸಾಧಾರಣ ಐವಿಐಜಿ, ಅಂದ್ರ ರಕ್ತನಾಳಕ್ಕ ಬಿಡೋ ಪ್ರತಿಕಾಯ ನಡೀತದ, ಬ್ಯಾರೆ ಬ್ಯಾರೆ ಬೇನಿಗಿ ಉಪಯೋಗ ಮಾಡೋದು, ಸಾವಿರಾರು ಮಂದಿ ರಕ್ತದಾನದ ಪ್ಲಾಸ್ಮಾದಿಂದ ತಗದಿದ್ದು. ಅಷ್ಟು ಮಂದ್ಯಾಗ ಹೆಚ್ಚಿನವರಿಗಿ ಒಂದಿಲ್ಲೊಂದ್ ಕಾಲದಾಗ ಚಿಕನ್‌ಪಾಕ್ಸ್ ಬಂದು ಹೋಗಿರ್ತದ, ಹಂಗಾಗಿ ಅದರಾಗ ಆ ಪ್ರತಿಕಾಯ ಇದ್ದೇ ಇರ್ತದ. ಕೇಜಿಗಿ 400 ಮಿಲಿಗ್ರಾಂ ಅಂದ್ರ ಈ ಕೂಸಿಗಿ ಸುಮಾರು 1 ಗ್ರಾಂ. ಇದೂ ಸಸ್ತಾ ಅಲ್ಲ, ಆದ್ರ ಊರಾಗ ಸಿಕ್ತು, ಅಣ್ಣ ಕೊರಳಾಗಿನ ಸಣ್ಣ ಚೈನ್ ಇಟ್ಟು ರೊಕ್ಕ ತಂದ ಅಂತ ಸಿಸ್ಟರ್ ಆಮ್ಯಾಲ ಹೇಳಿದ್ರು. ಮಧ್ಯಾಹ್ನ ಮೂರರೊಳಗ, ಅಂದ್ರ ಹುಟ್ಟಿ 16 ತಾಸಿಗಿ, ಕೈಯಾಗಿನ ಸೂಜಿಯಿಂದ ಸಿರಿಂಜ್ ಪಂಪ್ ಹಚ್ಚಿ ನಿಧಾನಕ ಬಿಟ್ಟೆವು. ಜ್ವರ ಇಲ್ಲ, ಉಸಿರಾಟ ಹೆಚ್ಚಾಗಲಿಲ್ಲ.

ಇಲ್ಲಿ ಅಣ್ಣ ಕೇಳಿದ ಪ್ರಶ್ನಿ ಭಾಳ ಚೊಲೋ ಇತ್ತು. ಬಸುರಿದ್ದಾಗ ಎರಡೆರಡು ಸೂಜಿ ಹಾಕ್ಯಾರಲ್ರಿ ಮೇಡಂ, ಅವು ಏನೂ ಕೆಲಸ ಮಾಡ್ಲಿಲ್ಲೇನು? ತಾಯಿ ಕಾರ್ಡ್ ತಗದು ತೋರಿಸ್ದ, ಟಿಡಿ ಎರಡೂ ಡೋಸ್ ಬರೋಬ್ಬರಿ ಆಗ್ಯಾವ. ಅವು ಧನುರ್ವಾಯು, ಗಂಟಲಮಾರಿ ಎರಡಕ್ಕ ಅಷ್ಟೇ. ಆದ್ರ ಅದರ ಹಿಂದಿನ ಉಪಾಯ ಇದೇ, ತಾಯಿಗಿ ಮೊದಲೇ ಲಸಿಕಿ ಹಾಕಿ, ಪ್ರತಿಕಾಯ ತಯಾರಾಗಿ ಮಾಸು ದಾಟ್ಲಿಕ್ಕ ವಾರಗಟ್ಟಲೆ ಟೈಮ್ ಕೊಟ್ಟು, ಕೂಸು ಹುಟ್ಟೋವಾಗ ಬುತ್ತಿ ಕಟ್ಕೊಂಡೇ ಹುಟ್ಟಂಗ ಮಾಡೋದು. ಚಿಕನ್‌ಪಾಕ್ಸಿಗಿ ಹಂಗ ಮಾಡ್ಲಿಕ್ಕ ಬರಂಗಿಲ್ಲ, ಯಾಕಂದ್ರ ಅದರ ಲಸಿಕಿ ಜೀವಂತ ವೈರಸ್ಸಿನ ಬಲ ಕುಗ್ಗಿಸಿ ಮಾಡಿದ್ದು, ಬಸುರಿದ್ದಾಗ ಕೊಡಂಗಿಲ್ಲ. ರುಬೆಲ್ಲಾದ್ದೂ ಹಂಗೇ. ಹೆಪಟೈಟಿಸ್ ಬಿ ಕಥಿ ಮತ್ತ ಬ್ಯಾರೆ, ಅಲ್ಲಿ ಕೂಸಿಗೇ ಹುಟ್ಟಿದ 24 ತಾಸಿನೊಳಗ ಲಸಿಕಿ, ತಾಯಿ ಪಾಸಿಟಿವ್ ಇದ್ರ ಜೊತಿಗಿ ಅದರ ಇಮ್ಯುನೊಗ್ಲೋಬ್ಯುಲಿನ್. ವೈರಸ್ಸಿಗೊಂದು ಲೆಕ್ಕ, ಒಂದರದ್ದು ಇನ್ನೊಂದಕ್ಕ ಹಚ್ಲಿಕ್ಕ ಬರಂಗಿಲ್ಲ. ಈ ಕೂಸಿನ ತಾಯಿಗಿ ಹೆಪಟೈಟಿಸ್ ಬಿ ನೆಗೆಟಿವ್ ಇತ್ತು, ಕೂಸಿನ ಹುಟ್ಟು ಡೋಸ್ ತಾಲೂಕಿನಾಗೇ ಹಾಕಿ ಕಳಿಸಿದ್ರು, ಅದೊಂದು ಚೊಲೋ ಕೆಲಸ.

ಆಮ್ಯಾಲ ಎಲ್ಲಿಡೋದು ಅನ್ನೋ ತಲಿಬ್ಯಾನಿ. ಚಿಕನ್‌ಪಾಕ್ಸ್ ಗಾಳಿಯಿಂದ ಹಬ್ಬೋದು, ಒಂದೇ ಮನ್ಯಾಗಿದ್ರ ಬರದೇ ಇದ್ದವರಾಗ ಹತ್ತರಾಗ ಒಂಬತ್ತು ಮಂದಿಗಿ ಹತ್ತತದ. ಎಸ್‌ಎನ್‌ಸಿಯು, ಅಂದ್ರ ಹಸುಗೂಸುಗಳ ವಿಶೇಷ ವಾರ್ಡಿನಾಗ ಒಂದೂವರಿ ಕೇಜಿ ಕೂಸುಗಳು ಮಲಗಿದ್ವು, ಅವುಗಳ ನಡುವ ಇದನ್ನ ಒಯ್ಯಂಗಿಲ್ಲ. ಕಡೀ ರೂಮ್ ಖಾಲಿ ಮಾಡಿಸಿದೆವು, ಕಿಡಕಿ ಹೊರಗಿನ ಗೋಡಿಗಿ ಇರೋದು, ಬಾಗಿಲು ಹಾಕೇ ಇಡ್ಬೇಕು. ತಾಯಿ ಬ್ಯಾರೆ, ಕೂಸು ಬ್ಯಾರೆ, ತಾಯಿ ಗುಳ್ಳಿ ಎಲ್ಲಾ ಹಕ್ಕಳಿ ಕಟ್ಟೋ ತನಕ. ಆ ರೂಮಿಗಿ ಹೋಗೋ ಸಿಸ್ಟರ್‌ಗಳಿಗಿ ಮೊದಲು ಕೇಳಿದ್ದು ನಿಮಗ ಸಣ್ಣವರಿದ್ದಾಗ ಬಂದಿತ್ತಾ ಅಂತ, ಬಂದಿಲ್ಲ ಅಂದವರು ಬ್ಯಾಡ, ಐದು ತಿಂಗಳ ಬಸುರಿ ಸಿಸ್ಟರ್ ಒಬ್ಬರನ್ನ ಆ ಸಾಲಿಗೇ ಬರಬ್ಯಾಡ್ರಿ ಅಂದೆವು.

ಆಯಿ ಅಷ್ಟೊತ್ತಿಗಿ ಮಾತಾಡ್ಲಿಕ್ಕ ಶುರು ಮಾಡಿದ್ಲು, ಮಾತಂದ್ರ ಜಗಳ. ಕೂಸಿನ್ನ ತಾಯಿಯಿಂದ ಅಗಲಸ್ತೀರಿ, ಅಮ್ಮ ಮೈಮ್ಯಾಲಿದ್ದಾಗ ಸೂಜಿ ಚುಚ್ಚತೀರಿ, ಮರಗಮ್ಮ ಸಿಟ್ಟಾಗ್ತಾಳ. ಮನ್ಯಾಗ ಹದಿನೈದು ದಿನದಿಂದ ಒಗ್ಗರಣಿ ಹಾಕಿಲ್ಲ, ಬಾಗಿಲಿಗಿ ಬೇವಿನ ತಪ್ಪಲ ಕಟ್ಟೀವಿ, ಇಲ್ಲಿ ನೋಡಿದ್ರ ಹಿಂಗ. ಈ ಅಂಜಿಕಿ ಹಳೇ ಸಿಡುಬಿನ ಕಾಲದ್ದು, ಆವಾಗ ಹೋದ ಜೀವಗಳ ಲೆಕ್ಕ ಇಲ್ಲ, ಭಾರತ ಸಿಡುಬುಮುಕ್ತ ಅಂತ ಸಾರಿದ್ದು 1977ರಾಗ, ಆದ್ರೂ ಮನಿ ಮನಿ ನೆನಪಿನಾಗ ಅದು ಹಂಗೇ ಕುಂತದ ಮತ್ತ ಚಿಕನ್‌ಪಾಕ್ಸಿನ ಮ್ಯಾಲ ಆ ಅಂಜಿಕಿ ಪೂರ್ತಿ ಬಂದು ಬಿದ್ದದ. ಅದನ್ನ ಮೂಢನಂಬಿಕಿ ಅಂತ ಬೈದು ಏನೂ ಸಿಗಂಗಿಲ್ಲ. ಬೇವಿನ ತಪ್ಪಲ ತಾಯಿ ಮಂಚದ ಮ್ಯಾಲ ಇಡ್ರಿ ಅಂದೆವು, ಬೇವು ಹಾಕಿದ ಉಗುರುಬೆಚ್ಚಗಿನ ನೀರಿನ್ಯಾಗ ಮೈ ಒರಸ್ರಿ ಅಂದೆವು, ಮಜ್ಜಗಿ ಅನ್ನ ನಡೀತದ ಆದ್ರ ಬಾಣಂತಿ ಅದಾಳ ಬ್ಯಾಳಿ ತತ್ತಿ ಬೇಕು, ಒಗ್ಗರಣಿ ಇಲ್ದೆ ಆದ್ರೂ ಕುದಿಸಿ ಕೊಡ್ರಿ ಅಂದೆವು. ಕೂಸಿನ ವಾರ್ಮರ್ ಒಳಗ ಮಾತ್ರ ತಪ್ಪಲ ಬ್ಯಾಡ.

ಜಗಳದ ನಡುವ ಆಯಿ ಅಂದ ಒಂದು ಮಾತು ಕೆಲಸಕ್ಕ ಬಂತು. ನಂಗೂ ಸಣ್ಣಾಕಿದ್ದಾಗ ಬಂದಿದ್ಲು ತಾಯಿ, ನೋಡು ಅಂತ ಹುಬ್ಬಿನ ಮ್ಯಾಲಿನ ಕುಣಿ ತೋರಿಸಿದ್ಲು. ಅಂದ್ರ ಆಯಿಗಿ ಇನ್ನ ಬರೋದು ಇಲ್ಲೇ ಇಲ್ಲ ಅನ್ನಬಹುದು. ಆ ಕುಟುಂಬದಾಗ ಕೂಸಿನ ರೂಮಿಗಿ ಹೋಗ್ಲಿಕ್ಕ ಎಲ್ಲರಿಗಿಂತ ಯೋಗ್ಯ ಮನುಷ್ಯಾಳು ಯಾರಂದ್ರ ಈಕಿನೇ, ಕೈ ತೊಳಕೊಂಡು ತಾಯಿ ಹಾಲು ಬಟ್ಟಲದಾಗ ತಂದು ಚಮಚದಿಂದ ಕೂಸಿಗಿ ಕುಡಿಸೋ ಕೆಲಸ ಆಯಿಗೇ ಕೊಟ್ಟೆವು. ಅವತ್ತಿಂದ ಜಗಳ ಅರ್ಧ ಕಮ್ಮಿ ಆಯ್ತು.

ಹಾಲಿನ ಬಗ್ಗಿ ಎಲ್ಲರೂ ಕೇಳ್ತಾರ. ತಾಯಿ ಹಾಲಿನಾಗ ತೊಂದ್ರಿ ಇಲ್ಲ, ಮೊಲಿ ಮ್ಯಾಲ ಗುಳ್ಳಿ ಇದ್ರ ಅದು ಹಾಲಿಗಿ ತಾಗೋದು ತೊಂದ್ರಿ. ಈ ತಾಯಿಗಿ ಬಲಗಡಿ ತೊಟ್ಟಿನ ಹತ್ರಾನೇ ಒಂದ್ ಗುಳ್ಳಿ ಇತ್ತು, ಹಂಗಾಗಿ ಎಡಗಡೀದು ಹಿಂಡಿ ಕೂಸಿಗಿ, ಬಲಗಡೀದು ಹಿಂಡಿ ಚೆಲ್ಲೋದು, ಹಿಂಡದೇ ಬಿಟ್ರ ಗಟ್ಟಿ ಆಗಿ ಹಾಲೇ ನಿಂತುಬಿಡ್ತದ. ಒಂದೇ ಕಡೀದು ಹಾಲು ಮೊದಲೆರಡು ದಿನ ಕೂಸಿಗಿ ಸಾಕಾಯ್ತು.

ತಾಯಿಗೂ ಅಪಾಯ ಇತ್ತು, ಅದನ್ನ ಹೇಳದೇ ಮುಂದ ಹೋಗ್ಲಿಕ್ಕ ಬರಂಗಿಲ್ಲ. ದೊಡ್ಡವರಿಗಿ, ಅದರಾಗೂ ತುಂಬಿದ ಬಸುರಿಗಿ ಚಿಕನ್‌ಪಾಕ್ಸ್ ಬಂದ್ರ ನ್ಯುಮೋನಿಯಾ ಆಗೋದು ಮಕ್ಕಳಿಗಿಂತ ಎಷ್ಟೋ ಹೆಚ್ಚು. ಈಕಿಗಿ ಒಣ ಕೆಮ್ಮು ಇತ್ತು, ಆಕ್ಸಿಜನ್ ಬರೋಬ್ಬರಿ ಇತ್ತು, ಎಕ್ಸ್‌ರೇ ಸ್ವಚ್ಛ. ಎಸಿಕ್ಲೋವಿರ್ ಗುಳಗಿ 800 ಮಿಲಿಗ್ರಾಂ ದಿನಕ್ಕ ಐದು ಸಲ ಹೆರಿಗಿ ಡಾಕ್ಟರ್ ಶುರು ಮಾಡಿದ್ರು, ಗುಳ್ಳಿ ಎದ್ದ 24 ತಾಸಿನೊಳಗ ಕೊಟ್ಟಿದ್ರ ಹೆಚ್ಚು ಉಪಯೋಗ ಆಗ್ತಿತ್ತು. ಜ್ವರಕ್ಕ ಪ್ಯಾರಾಸಿಟಮಾಲ್ ಅಷ್ಟೇ. ಮೆಡಿಕಲ್‌ನವರು ಕೊಡೋ ಬ್ಯಾರೆ ನೋವಿನ ಗುಳಗಿ, ಆಸ್ಪಿರಿನ್ ಐಬುಪ್ರೊಫೆನ್ ಇಂಥಾವು, ಚಿಕನ್‌ಪಾಕ್ಸಿನಾಗ ಬ್ಯಾಡ.

ಹುಟ್ಟಿದ ಐದನೇ ದಿನಕ್ಕ ತಾಯಿ ಗುಳ್ಳಿ ಎಲ್ಲಾ ಒಣಗಿದ್ವು, ಕೂಸಿನ್ನ ಮಡಿಲಿಗಿ ಕೊಟ್ಟೆವು, ಎರಡೂ ಕಡಿ ಚೀಪ್ಲಿಕ್ಕ ಶುರು ಆಯ್ತು. ಆರನೇ ದಿನ ಅಣ್ಣ ಬಂದು, ಕೂಸಿಗೇನೂ ಆಗಿಲ್ಲಲ್ರಿ, ಬಿಟ್ಟುಬಿಡ್ರಿ, ಹೊಲದಾಗ ಜೋಳದ ರಾಶಿ ನಿಂತದ ಅಂದ. ಅವನ ಮಾತು ತಪ್ಪಲ್ಲ, ರೊಕ್ಕ ಖರ್ಚಾಗ್ಲಿಕ್ಹತ್ಯದ, ಕೂಸು ನೋಡ್ಲಿಕ್ಕ ಗುಂಡಗುಂಡಗ ಅದ. ಆದ್ರ ಐವಿಐಜಿ ಆಗಲಿ ಅದಕ್ಕಂತನೇ ಇರೋ ಇಂಜೆಕ್ಷನ್ ಆಗಲಿ, ಕೊಟ್ಟಮ್ಯಾಲೂ ಇಂಥ ಕೂಸುಗಳಾಗ ಸುಮಾರು ಅರ್ಧದಷ್ಟಕ್ಕ ಗುಳ್ಳಿ ಏಳೇ ಏಳ್ತಾವ. ಬರೋದನ್ನ ತಡೆಯಂಗಿಲ್ಲ, ಬಂದಿದ್ದರ ಬಲ ಮುರೀತದ. ಸಾಧಾರಣ ಹುಟ್ಟಿದ ಐದರಿಂದ ಹತ್ತನೇ ದಿನದೊಳಗ ಕಾಣಸ್ತದ. ಹತ್ತಿರ ಹತ್ತಿರ 80 ಕಿಲೋಮೀಟರ್ ದೂರದ ಹಳ್ಳಿಗಿ ಬಿಟ್ಟು, ಗುಳ್ಳಿ ಎದ್ರ ಬರ್ರಿ ಅನ್ನೋದು ನಂಗ ಸರಿ ಅನಿಸಲಿಲ್ಲ. ಸಹಿ ಮಾಡಿ ಒಯ್ತೀವಿ ಅನ್ನೋ ತನಕ ಹೋಯ್ತು ಮಾತು. ಆಯಿ ಅಡ್ಡ ನಿಂತ್ಲು, ನೀ ಹೋಗಿ ರಾಶಿ ನೋಡ್ಕೋ, ನಾ ಇಲ್ಲೇ ಇರ್ತೀನಿ.

ಎಂಟನೇ ದಿನ ಮುಂಜಾನಿ ಎಣ್ಣಿ ಸವರೋವಾಗ ಕೂಸಿನ ಎಡಗಿವಿ ಹಿಂದ ಎರಡು ಸಾಸಿವಿಕಾಳಿನಷ್ಟು ಗುಳ್ಳಿ. ಕಂಡಿದ್ದು ಆಯಿಗೇ. ರೌಂಡ್ಸಿಗಿ ಬಂದ ನಮಗ ತೋರಿಸೋ ಮೊದಲು ಸಿಸ್ಟರಿಗಿ ಹೇಳಿ ಆಗಿತ್ತು.

ಒಂದು ತಾಸಿನೊಳಗ ಎಸಿಕ್ಲೋವಿರ್ ರಕ್ತನಾಳಕ್ಕ ಶುರು, ಕೇಜಿಗಿ 10 ಮಿಲಿಗ್ರಾಂ ಲೆಕ್ಕ, ಅಂದ್ರ ಸಲಕ್ಕ 26 ಮಿಲಿಗ್ರಾಂ, 8 ತಾಸಿಗೊಮ್ಮೆ, ಪ್ರತಿಸಲ ಒಂದು ತಾಸು ಹಿಡಿದು ನಿಧಾನಕ. ಲಗೂ ಬಿಟ್ರ ಕಿಡ್ನ್ಯಾಗ ಹರಳಾಗಿ ಕೂಡೋ ಔಷಧ ಇದು, ಹಂಗಾಗಿ ಕೂಸು ಎಷ್ಟು ಉಚ್ಚಿ ಹೊಯ್ತು ಅಂತ ಲಂಗೋಟಿ ತೂಕ ಮಾಡಿ ಬರಿಯೋದು, ನಡುವ ಕಿಡ್ನಿ ನೋಡೋ ರಕ್ತ ಪರೀಕ್ಷೆ ಕ್ರಿಯಾಟಿನಿನ್. ಪ್ಲೇಟ್ಲೆಟ್ ಬರೋಬ್ಬರಿ, ಲಿವರ್ ಟೆಸ್ಟ್ ಒಂದೀಟು ಮ್ಯಾಲ, ಎಕ್ಸ್‌ರೇ ಸ್ವಚ್ಛ. ಗುಳ್ಳಿ ನೀರು ತಗದು ಪಿಸಿಆರ್‌ಗಿ ಕಳಿಸಲಿಲ್ಲ, ತಾಯಿ ಕಥಿ ಇಷ್ಟು ಸ್ಪಷ್ಟ ಇದ್ದಾಗ ರಿಪೋರ್ಟಿಗಿ ಕಾಯೋ ಅರ್ಥ ಇಲ್ಲ. ಒಟ್ಟು ಹದಿನಾಕು ಗುಳ್ಳಿ ಎದ್ವು, ಎರಡು ದಿನ ಸಣ್ಣ ಜ್ವರ, ಹಾಲು ಕುಡಿಯೋದು ಒಂದು ಹೊತ್ತೂ ಬಿಡಲಿಲ್ಲ. ಮೂರನೇ ದಿನದಿಂದ ಹೊಸಾವು ಬರಲಿಲ್ಲ. 7 ದಿನದ ಕೋರ್ಸ್ ಮುಗಿಸಿ, ಮಾರನೇ ದಿನ ಮನಿಗಿ.

ಹೋಗೋವಾಗ ಕಾರ್ಡಿನ ಮ್ಯಾಲ ಕೆಂಪು ಪೆನ್ನಿನಾಗ ಬರ್ದಿದ್ದು: ಹುಟ್ಟಿ 16 ತಾಸಿಗಿ ಐವಿಐಜಿ ಕೊಟ್ಟದ. ಇದು ಯಾಕಂದ್ರ ಹೊರಗಿನ ಪ್ರತಿಕಾಯ ಮೈಯಾಗಿದ್ದಾಗ ದಡಾರ ರುಬೆಲ್ಲಾದಂಥ ಜೀವಂತ ಲಸಿಕಿ ಹತ್ತಂಗಿಲ್ಲ, ಈ ಡೋಸಿಗಿ 8 ತಿಂಗಳ ಅಂತರ ಬೇಕು. ದಡಾರ ರುಬೆಲ್ಲಾದ ಲಸಿಕಿ ಎಂಆರ್, ಅದರ ಮೊದಲನೇ ಡೋಸ್ ಹೆಂಗಿದ್ರೂ 9 ತಿಂಗಳಿಗಿ, ಹಂಗಾಗಿ ಈ ಕೂಸಿಗಿ ಅಡ್ಡಿ ಇಲ್ಲ. ಬಿಸಿಜಿ, ಪೋಲಿಯೋ, ಪೆಂಟಾ ಯಾವುದಕ್ಕೂ ತಡ ಮಾಡೋದು ಬ್ಯಾಡ. ಇನ್ನೊಂದು, ಇಷ್ಟು ಸಣ್ಣವಯಸ್ಸಿನಾಗ ಚಿಕನ್‌ಪಾಕ್ಸ್ ಬಂದ ಮಕ್ಕಳಿಗಿ ಮುಂದ ಬಾಲ್ಯದಾಗೇ ಸರ್ಪಸುತ್ತು ಕಾಣಿಸಬಹುದು, ಅದೇ ವೈರಸ್ ನರದಾಗ ಮಲಗಿರ್ತದ, ಕಂಡ್ರ ಅಂಜಬ್ಯಾಡ್ರಿ, ತೋರಿಸ್ರಿ.

ಈಗ ಹಿಂದಿನ ಕಥಿಗಿ ಬರ್ತೀನಿ, ಯಾಕಂದ್ರ ಈ ಪ್ರಕರಣದಾಗ ಕೂಸಿಗಿಂತ ನಂಗ ಹೆಚ್ಚು ಕಾಡೋದು ಅದು. ಮನ್ಯಾಗ ಮೊದಲು ಬಂದಿದ್ದು ಅಣ್ಣನ ಮಗನಿಗಿ, ಆರು ವರ್ಷದವ, ಶಾಲಿಯಿಂದ ಹಚ್ಕೊಂಡು ಬಂದಾನ, ಈಕಿಗಿ ಬರೋದಕ್ಕಿಂತ ಸುಮಾರು ಎರಡು ವಾರ ಮೊದಲು. ಚಿಕನ್‌ಪಾಕ್ಸ್ ಹತ್ತಿದ ಮ್ಯಾಲ ಕಾಣಿಸ್ಲಿಕ್ಕ 10ರಿಂದ 21 ದಿನ, ಲೆಕ್ಕ ಕೂಡ್ತದ. ಹುಡುಗನ ಮೈಮ್ಯಾಲ ಗುಳ್ಳಿ ಎದ್ದ ದಿನ ಆಕಿ 36 ವಾರದ ಬಸುರಿ, ಅದೇ ಮನ್ಯಾಗ. ಅವತ್ತೇ ಯಾರಾದ್ರೂ ಕೇಳಿದ್ರ, ನಿಂಗ ಸಣ್ಣಾಕಿದ್ದಾಗ ಬಂದಿತ್ತೇನವ್ವ ಅಂತ, ಇಲ್ಲ ಅಂದಿದ್ರ ಐಜಿಜಿ ರಕ್ತ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದ್ರ 10 ದಿನದೊಳಗ ಆಕಿಗೇ ಇಮ್ಯುನೊಗ್ಲೋಬ್ಯುಲಿನ್ ಕೊಡೋ ದಾರಿ ಇತ್ತು. ಕೊಡ್ಲಿಕ್ಕಾಗದಿದ್ರ ಕೂಡ ಗುಳ್ಳಿ ಎದ್ದ ಮೊದಲನೇ ದಿನವೇ ಗುಳಗಿ ಶುರು ಮಾಡಬಹುದಿತ್ತು, ಕೂಸಿಗಿ ಬೇಕಾಗೋ ಇಂಜೆಕ್ಷನ್ ಹೈದ್ರಾಬಾದಿನಿಂದ ಮೊದಲೇ ತರಿಸಿ ಇಡಬಹುದಿತ್ತು, ಎಲ್ಲಿ ಹೆರಿಗಿ ಮಾಡೋದು ಅಂತ ಮಾತಾಡಿ ಇಡಬಹುದಿತ್ತು. ಆಶಾ ಕಾರ್ಯಕರ್ತಿ ಆ ವಾರ ಮನಿಗಿ ಬಂದಿದ್ರು, ಬಾಗಿಲಿಗಿ ಕಟ್ಟಿದ ಬೇವಿನ ತಪ್ಪಲ ನೋಡಿ, ಅಮ್ಮ ಬಂದ ಮನಿಗಿ ಹೊರಗಿನವರು ಹೋಗಬಾರದು ಅನ್ನೋ ರೂಢಿಯಂಗ ಅಂಗಳದಿಂದಾನೇ ವಾಪಸ್ ಹೋಗ್ಯಾರ. ಅವರೂ ಅದೇ ಊರಿನವರೇ ಅಲ್ಲೇನು, ಅವರಿಗಿ ಏನಂತ ಬೈಯೋದು. ಆದ್ರ ಆಶಾ ಟ್ರೇನಿಂಗಿನಾಗ ಇದೊಂದು ಸಾಲು ಸೇರಬೇಕು ಅಂತ ನನ್ನ ಅಭಿಪ್ರಾಯ: ಬಸುರಿ ಇರೋ ಮನಿ ಬಾಗಿಲಾಗ ಬೇವಿನ ತಪ್ಪಲ ಕಂಡ್ರ ಅವತ್ತೇ ಪಿಎಚ್‌ಸಿಗಿ ಫೋನ್.

ದಿನ ತುಂಬಿದಾಗ ಬಂದ್ರ ಒಂದ್ ಲೆಕ್ಕ, ಮೊದಲ 20 ವಾರದಾಗ ಬಂದ್ರ ಇನ್ನೊಂದು. ಆವಾಗ ಕೂಸಿನ ಕೈಕಾಲು ಸಣ್ಣ ಆಗೋದು, ಚರ್ಮದ ಮ್ಯಾಲ ಗಾಯದ ಗುರುತು, ಕಣ್ಣು ಮಿದುಳಿನ ತೊಂದ್ರಿ ಇವು ಆಗಬಹುದು, ಆದ್ರ ಅದು ನೂರಕ್ಕ ಒಂದೆರಡು ಅಷ್ಟೇ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರ ಮೂರು ತಿಂಗಳಾಗ ಚಿಕನ್‌ಪಾಕ್ಸ್ ಬಂತು ಅಂತ ಹೇಳಿ ನೇರ ಗರ್ಭಪಾತದ ಮಾತು ಎತ್ತೋ ಮನಿಗಳು ಅದಾವ. ಸ್ಕ್ಯಾನ್ ಮಾಡಿಸಿ ನೋಡ್ಕೊಂತ ಹೋಗೋದು, ಅವಸರ ಬ್ಯಾಡ. ರುಬೆಲ್ಲಾ ಹಂಗಲ್ಲ, ಮೊದಲ 12 ವಾರದಾಗ ಬಂದ್ರ ಹತ್ತರಾಗ ಒಂಬತ್ತು ಕೂಸಿಗಿ ಏಟು ಬೀಳ್ತದ. ಎರಡೂ ಮೈಮ್ಯಾಲ ಏಳೋವೇ, ತೂಕ ಮಾತ್ರ ಅಜಗಜಾಂತರ. ಇನ್ನ ಬಸುರಿದ್ದಾಗ ಸರ್ಪಸುತ್ತು ಬಂದ್ರ ಕೂಸಿಗಿ ಸಾಧಾರಣ ಏನೂ ಆಗಂಗಿಲ್ಲ, ತಾಯಿ ಹತ್ರ ಹಳೇ ಪ್ರತಿಕಾಯ ಇದ್ದೇ ಇರ್ತಾವ.

ಲಸಿಕಿ ಅದ ಅಲ್ರಿ ಅಂತ ಕೇಳಿದ್ರ, ಅದ. 1974ರಾಗೇ ಜಪಾನಿನ ಮಿಚಿಯಾಕಿ ತಕಹಾಶಿ ತಯಾರು ಮಾಡ್ಯಾರ, ಇವತ್ತಿಗೂ ಜಗತ್ತಿನಾಗ ನಡೀತಿರೋದು ಹೆಚ್ಚಾಗಿ ಅದೇ ಓಕಾ ತಳಿ. ನಮ್ಮ ಸರಕಾರಿ ಪಟ್ಟ್ಯಾಗ ಇಲ್ಲ, ಹೊರಗ ರೊಕ್ಕ ಕೊಟ್ಟು ಹಾಕಿಸ್ಬೇಕು. ಈ ತಾಯಿಯ ತಂಗಿ ಬೆಂಗಳೂರಾಗ ಕೆಲಸಕ್ಕಿರೋಳು, ತೇರಿಗಂತ ಊರಿಗಿ ಬಂದಿದ್ಲು, ಅಕ್ಕನ ಜೊತಿ ಅರ್ಧ ದಿನ ಕುಂತಿದ್ಲು, ಸಣ್ಣಾಕಿದ್ದಾಗ ಬಂದಿಲ್ಲ, ಬಸುರಿಲ್ಲ, ವೈಶಾಖದಾಗ ಮದುವಿ ನಿಂತದ. ತಾಗಿದ 3ರಿಂದ 5 ದಿನದೊಳಗ ಲಸಿಕಿ ಹಾಕಿದ್ರ ಬರೋದನ್ನ ತಡೀಬಹುದು ಅಥವಾ ಹಗುರ ಮಾಡಬಹುದು, ಹಂಗಾಗಿ ಮೂರನೇ ದಿನವೇ ಆಕಿಗಿ ಹಾಕಿಸಿದೆವು, ಎರಡನೇ ಡೋಸ್ ನಾಕರಿಂದ ಎಂಟು ವಾರದೊಳಗ, ಅದಾದ ಮ್ಯಾಲ ಒಂದು ತಿಂಗಳು ಬಸುರಾಗಬಾರದು. ಇದನ್ನ ಮದುವಿ ಹುಡುಗಿ ಮುಂದ ಹೇಳೋವಾಗ ಆಯಿ ನಕ್ಕಿದ್ದು ನಕ್ಕಿದ್ದೇ.

ಒಂದು ವಿಷಯ ನಮ್ಮ ವಾರ್ಡಿನಾಗ ಇನ್ನೂ ಇತ್ಯರ್ಥ ಆಗಿಲ್ಲ. ನಮ್ಮ ಸೀನಿಯರ್ ಒಬ್ರು ಅಂತಾರ, ಐವಿಐಜಿ ಜೊತಿಗೇ ಎಸಿಕ್ಲೋವಿರ್ ಕೂಡ ಶುರು ಮಾಡಿದ್ರ ಆ ಹದಿನಾಕು ಗುಳ್ಳೀನೂ ಏಳ್ತಿರಲಿಲ್ಲ, ಗೆರಿ ನಡುವ ಬಿದ್ದ ಕೂಸಿಗಿ ಯಾಕ ಕಾಯ್ಬೇಕು ಅಂತ. ಹಂಗ ಕೊಡೋ ಕಡಿಗಳು ಅದಾವ, ತಪ್ಪಂತ ನಾ ಅನ್ನಂಗಿಲ್ಲ. ನನ್ನ ಮಾತು ಇಷ್ಟೇ, ಆರಾಮಿರೋ ಕೂಸಿನ ರಕ್ತನಾಳಕ್ಕ ದಿನಕ್ಕ ಮೂರು ಸಲ ಕಿಡ್ನಿಗಿ ಭಾರ ಆಗೋ ಔಷಧ ಬಿಡೋದಕ್ಕಿಂತ, ದಿನಕ್ಕ ಎರಡು ಸಲ ಕೂಸಿನ್ನ ಬತ್ತಲ ಮಾಡಿ ತಲಿಗೂದಲ ಸಂದಿ, ಕಿವಿ ಹಿಂದ, ಕಂಕಳು, ತೊಡಿಸಂದಿ ನೋಡೋ ಮಂದಿ ಬಾಜೂಕ ಇದ್ರ ಕಾಯಬಹುದು. ಆ ಮಂದಿ ಇಲ್ಲಂದ್ರ, ಕೂಸಿನ್ನ ದೂರದ ಊರಿಗಿ ಬಿಡೋದೇ ಆದ್ರ, ಸೀನಿಯರ್ ಹೇಳಿದ್ದೇ ಖರೆ.